ಮನೆಯ ನ್ಯಾಸ್ ಹೊರಗಿನಿಂದ ಸಿಗುತ್ತಿಲ್ಲವೇ? ಒಳಗಿನಿಂದ ಹೊರಗೆ ಹುಡುಕುತ್ತಾ ಬನ್ನಿ

ನಮ್ಮ ಊರಿನ ಮನೆ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ. ಅಲ್ಲಿ ಟಿವಿ ಸ್ಟ್ಯಾಂಡಿನ ಕೆಳಗೆ ಎರಡು ಹಾರ್ಡ್ ಡಿಸ್ಕ್ ಹಾಕುವ ಒಂದು ಪುಟ್ಟ ನ್ಯಾಸ್ ಇದೆ, ಅಂದರೆ ಮನೆಯ ಜಾಲಕ್ಕೆ ಸೇರಿ ಎಲ್ಲರ ಫೈಲುಗಳನ್ನೂ ಇಟ್ಟುಕೊಳ್ಳುವ ಡಬ್ಬಿ. ಅಜ್ಜನ ಕಾಲದ ಫೋಟೋಗಳ ಸ್ಕ್ಯಾನ್, ಮನೆಯವರೆಲ್ಲರ ಫೋನಿನ ಬ್ಯಾಕಪ್, ಕ್ಯಾಸೆಟ್ಟಿನಿಂದ ಇಳಿಸಿಕೊಂಡ ತಾಳಮದ್ದಲೆ, ಜಮೀನಿನ ಪಹಣಿ, ಎಲ್ಲವೂ ಅದರಲ್ಲೇ. ನಾನಿರುವುದು ಬೆಂಗಳೂರಿನಲ್ಲಿ, ತಂಗಿ ಇರುವುದು ಜರ್ಮನಿಯಲ್ಲಿ. ಹಾಗಾಗಿ ಆ ಡಬ್ಬಿ ಮನೆಯೊಳಗೆ ಸಿಕ್ಕರೆ ನಮಗೆ ಸಾಲದು, ಹೊರಗಿನಿಂದಲೂ ಸಿಗಬೇಕು.

ಐದು ವರ್ಷದಲ್ಲಿ ಅದು ನಾಲ್ಕು ಸಲ ಕೈಕೊಟ್ಟಿದೆ. ನಾಲ್ಕೂ ಸಲ ಫೋನಿನಲ್ಲಿ ಬಂದದ್ದು ಒಂದೇ ಮಾತು, ಸಂಪರ್ಕ ಆಗಲಿಲ್ಲ ಅಂತ. ಕಾರಣ ಮಾತ್ರ ನಾಲ್ಕೂ ಸಲ ಬೇರೆ. ಮೊದಲ ಸಲ ನಾನು ಎರಡು ರಾತ್ರಿ ಕೂತು ರೂಟರಿನ ಸೆಟ್ಟಿಂಗನ್ನೆಲ್ಲ ಬದಲಾಯಿಸಿದೆ, ಸರಿ ಇದ್ದದ್ದೂ ಕೆಟ್ಟಿತು. ಆಮೇಲೆ ಕಲಿತ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೊರಗಿನಿಂದ ಒಳಗೆ ಹುಡುಕಬೇಡಿ. ನ್ಯಾಸಿನಿಂದ ಶುರುಮಾಡಿ ಒಂದೊಂದೇ ಗೆಣ್ಣು ಮುಟ್ಟಿ ನೋಡುತ್ತಾ ಹೊರಗೆ ಬನ್ನಿ. ಎಲ್ಲಿ ಕಡಿದಿದೆ ಅಂತ ಖಚಿತವಾಗುವ ತನಕ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ. ಮುಟ್ಟಿದರೂ ಒಂದು ಸಲಕ್ಕೆ ಒಂದೇ ಬದಲಾವಣೆ, ಅದನ್ನೂ ಒಂದು ಚೀಟಿಯಲ್ಲಿ ಬರೆದಿಡಿ.

ದಾರಿ ಹೀಗಿದೆ: ನ್ಯಾಸ್, ಅದರಿಂದ ಲ್ಯಾನ್ ಕೇಬಲ್, ರೂಟರ್, ಫೈಬರ್ ಬಂದು ಸೇರುವ ಓಎನ್‌ಟಿ ಡಬ್ಬಿ, ಇಂಟರ್ನೆಟ್ ಕೊಡುವ ಕಂಪನಿಯ ಜಾಲ, ಅಲ್ಲಿಂದ ಹೊರಗಿನ ಇಂಟರ್ನೆಟ್, ಕೊನೆಗೆ ನಿಮ್ಮ ಫೋನ್. ಎಷ್ಟೋ ಮನೆಗಳಲ್ಲಿ ರೂಟರ್ ಮತ್ತು ಓಎನ್‌ಟಿ ಒಂದೇ ಡಬ್ಬಿಯಲ್ಲಿ ಇರುತ್ತವೆ. ಇದು ನಿಮ್ಮ ಮನೆಯಲ್ಲಿ ಹೇಗಿದೆ ಅಂತ ಈಗಲೇ ನೋಡಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಡಬ್ಬಿ ಎದ್ದಿದೆಯಾ?

ನೀವು ದೂರ ಇದ್ದರೆ ಮನೆಗೆ ಫೋನ್ ಮಾಡುವುದೇ ಮೊದಲ ಕೆಲಸ. ನಾನು ಅಮ್ಮನಿಗೆ ಕೇಳುವುದು ಎರಡೇ ಪ್ರಶ್ನೆ.

"ಅಮ್ಮಾ, ನಿನ್ನ ಫೋನಲ್ಲಿ ವೈಫೈ ಬರ್ತಿದೆಯಾ? ಗೋಡೆ ಮೇಲಿನ ಡಬ್ಬಿಯಲ್ಲಿ ಕೆಂಪು ದೀಪ ಏನಾದ್ರೂ ಇದೆಯಾ ನೋಡು."

"ಒಂದು ಕೆಂಪು ದೀಪ ಹೊಡ್ಕೊಳ್ತಾ ಇದೆ ಕಣೋ. ರಾತ್ರಿ ಜೋರು ಗಾಳಿ ಇತ್ತು."

ಅಲ್ಲಿಗೆ ತಿಳಿಯಿತು. ಓಎನ್‌ಟಿಯಲ್ಲಿ ಎಲ್‌ಓಎಸ್ ಎಂಬ ದೀಪ ಕೆಂಪಾದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ ಎಂದರ್ಥ. ಎಲ್ಲೋ ಮರದ ಕೊಂಬೆ ಬಿದ್ದು ಕೇಬಲ್ ಹರಿದಿರುತ್ತದೆ. ನೀವು ಇಲ್ಲಿ ಕೂತು ಏನು ಮಾಡಿದರೂ ಪ್ರಯೋಜನವಿಲ್ಲ, ಕಂಪನಿಗೆ ದೂರು ಕೊಟ್ಟು ಕಾಯಬೇಕು ಅಷ್ಟೆ.

ವೈಫೈ ಬರುತ್ತಿದ್ದರೆ ಮುಂದಿನದು ನ್ಯಾಸ್. ಕರೆಂಟ್ ಹೋಗಿ ಬಂದಾಗ ಫ್ರಿಜ್ಜು, ರೂಟರ್ ತಾವಾಗಿಯೇ ಎದ್ದುಕೊಳ್ಳುತ್ತವೆ. ನ್ಯಾಸ್ ಹಾಗಲ್ಲ, ಅದಕ್ಕೆ ಹೇಳಿರಬೇಕು. ಪವರ್ ಸೆಟ್ಟಿಂಗಿನಲ್ಲಿ ಕರೆಂಟ್ ವಾಪಸ್ ಬಂದಾಗ ತಾನೇ ಆನ್ ಆಗುವ ಆಯ್ಕೆ ಇರುತ್ತದೆ. ಅದನ್ನು ಈಗಲೇ ಆನ್ ಮಾಡಿ. ಯುಪಿಎಸ್ ಇಟ್ಟಿದ್ದರೆ ರೂಟರನ್ನೂ ಅದಕ್ಕೇ ಸೇರಿಸಿ. ನ್ಯಾಸ್ ಒಂದೇ ಓಡುತ್ತಾ ಇದ್ದು ರೂಟರ್ ಆಫ್ ಆಗಿದ್ದರೆ ಹೊರಗಿನವರಿಗೆ ಏನೂ ಸಿಗುವುದಿಲ್ಲ, ಅಲ್ವಾ?

ಡಬ್ಬಿ ಎದ್ದಿದ್ದರೆ ಮನೆಯ ವೈಫೈಯಲ್ಲಿರುವ ಒಂದು ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ನ್ಯಾಸಿನ ಒಳವಿಳಾಸವನ್ನು (ಮನೆಯ ಜಾಲದಲ್ಲಿ ರೂಟರ್ ಅದಕ್ಕೆ ಕೊಟ್ಟ ನಂಬರ್) ಪೋರ್ಟ್ ನಂಬರಿನ (ಆ ವಿಳಾಸದಲ್ಲಿ ಯಾವ ಬಾಗಿಲು ಎಂಬ ಗುರುತು) ಸಮೇತ ತೆರೆಯಿರಿ. ಸಿನಾಲಜಿ ಕಂಪನಿಯ ನ್ಯಾಸಿನಲ್ಲಿ ಸಾಮಾನ್ಯವಾಗಿ 5000, ಸುರಕ್ಷಿತ ಸಂಪರ್ಕಕ್ಕೆ 5001. ಕ್ಯೂನ್ಯಾಪ್ ಕಂಪನಿಯದ್ದರಲ್ಲಿ 8080 ಮತ್ತು 443. ಮನೆಯೊಳಗೇ ತೆರೆಯದಿದ್ದರೆ ತೊಂದರೆ ಇಂಟರ್ನೆಟ್ಟಿನದ್ದಲ್ಲ. ಡಿಸ್ಕ್ ತುಂಬಿದೆಯಾ ನೋಡಿ. ಜಾಗ ಪೂರ್ತಿ ತುಂಬಿದರೆ ಕೆಲವು ಸೇವೆಗಳು ನಿಂತು ಲಾಗಿನ್ ಕೂಡ ಆಗದೆ ಹೋಗಬಹುದು.

ಮನೆಯೊಳಗಿನ ವಿಳಾಸ ಬದಲಾಗಿದೆಯಾ?

ನನ್ನ ಮೊದಲ ಸಲದ ಕಾರಣ ಇದೇ. ಜುಲೈ ತಿಂಗಳು, ದಿನಕ್ಕೆ ಎಂಟು ಹತ್ತು ಸಲ ಕರೆಂಟ್ ಹೋಗಿ ಬರುತ್ತಿತ್ತು. ಪ್ರತಿ ಸಲ ಎದ್ದಾಗ ರೂಟರ್ ಯಾರು ಮೊದಲು ಕೇಳಿದರೋ ಅವರಿಗೆ ಒಂದು ನಂಬರ್ ಕೊಡುತ್ತದೆ. ನ್ಯಾಸಿಗೆ ಇದ್ದದ್ದು 192.168.1.10. ಒಂದು ದಿನ ಅದಕ್ಕೆ 192.168.1.14 ಸಿಕ್ಕಿತು, ಹಳೆಯ ನಂಬರ್ ಅಪ್ಪನ ಫೋನಿಗೆ ಹೋಯಿತು. ನಾನು ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿದ್ದೆ, ಅಂದರೆ ಹೊರಗಿನಿಂದ ಬಂದದ್ದನ್ನು 10ಕ್ಕೆ ಕಳಿಸು ಅಂತ ಬರೆದಿಟ್ಟಿದ್ದೆ. ಪಾಪ, ಅದು ಅಪ್ಪನ ಫೋನಿಗೆ ಕಳಿಸುತ್ತಾ ಇತ್ತು.

ಇದಕ್ಕೆ ಪರಿಹಾರ ರೂಟರಿನ ಡಿಎಚ್‌ಸಿಪಿ (ನಂಬರ್ ಹಂಚುವ ವ್ಯವಸ್ಥೆ) ಪುಟದಲ್ಲಿ ರಿಸರ್ವೇಶನ್ ಮಾಡುವುದು. ನ್ಯಾಸಿನ ಮ್ಯಾಕ್ ಅಡ್ರೆಸ್ (ಯಂತ್ರದ ಹುಟ್ಟುಗುರುತು) ಕೊಟ್ಟು ಇದಕ್ಕೆ ಯಾವಾಗಲೂ ಇದೇ ನಂಬರ್ ಅಂತ ಕಟ್ಟಿಡಿ. ಎರಡು ಲ್ಯಾನ್ ಪೋರ್ಟ್ ಇರುವ ನ್ಯಾಸಿನಲ್ಲಿ ಪೋರ್ಟಿಗೊಂದು ಮ್ಯಾಕ್ ಇರುತ್ತದೆ. ಕೇಬಲ್ ಚುಚ್ಚಿರುವ ಪೋರ್ಟಿನದ್ದನ್ನೇ ಬರೆಯಬೇಕು.

ನ್ಯಾಸಿನ ಒಳಗೇ ನಂಬರ್ ಬರೆದಿಟ್ಟರೆ ಆಗದೇ ಅಂತ ಕೇಳಬಹುದು. ಆಗುತ್ತದೆ, ಆದರೆ ಒಂದು ಅಪಾಯ ಇದೆ. ಕಂಪನಿಯವರು ಬಂದು ಹಳೆಯ ಡಬ್ಬಿ ತೆಗೆದು ಹೊಸದು ಹಾಕುತ್ತಾರೆ. ಹಳೆಯದರಲ್ಲಿ ಮನೆಯ ಜಾಲ 192.168.1 ಎಂದು ಶುರುವಾಗುತ್ತಿತ್ತು, ಹೊಸದರಲ್ಲಿ 192.168.29 ಎಂದು ಶುರುವಾಗುತ್ತದೆ. ನ್ಯಾಸ್ ಮಾತ್ರ ಹಳೆಯ ನಂಬರ್ ಹಿಡಿದುಕೊಂಡು ಕೂತಿರುತ್ತದೆ. ಓಡುತ್ತಿರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಹೀಗಾದಾಗ ಗಾಬರಿಯಾಗಿ ರಿಸೆಟ್ ಗುಂಡಿ ಒತ್ತಬೇಡಿ. ಲ್ಯಾಪ್‌ಟಾಪನ್ನು ಕೇಬಲ್ಲಿನಲ್ಲಿ ಅದೇ ಜಾಲಕ್ಕೆ ಸೇರಿಸಿ, ಅದಕ್ಕೆ ಕೈಯಾರೆ 192.168.1.50 ಅಂತ ಹಳೆಯ ಸಾಲಿನ ಒಂದು ನಂಬರ್ ಕೊಡಿ. ಆಗ ನ್ಯಾಸ್ ತೆರೆಯುತ್ತದೆ. ಒಳಗೆ ಹೋಗಿ ಸೆಟ್ಟಿಂಗನ್ನು ಡಿಎಚ್‌ಸಿಪಿಗೆ ಬದಲಾಯಿಸಿ, ಲ್ಯಾಪ್‌ಟಾಪನ್ನೂ ಮೊದಲಿನಂತೆ ಮಾಡಿ.

ಎಲ್ಲಕ್ಕಿಂತ ಮುಖ್ಯವಾದ ಒಂದು ಪರೀಕ್ಷೆ

ಇಲ್ಲಿ ನಿಧಾನವಾಗಿ ಓದಿ. ನಮ್ಮ ದೇಶದಲ್ಲಿ ಮನೆ ಇಂಟರ್ನೆಟ್ ಇಟ್ಟುಕೊಂಡವರ ತೊಂದರೆಗೆ ಜಾಸ್ತಿ ಸಲ ಕಾರಣ ಇದೇ ಅಂತ ನನ್ನ ಅನುಭವ. ಇದನ್ನು ನೋಡದೆ ಪೋರ್ಟ್ ಫಾರ್ವರ್ಡಿಂಗ್ ಅಂತ ವಾರಗಟ್ಟಲೆ ಒದ್ದಾಡಿದವರನ್ನು ಕಂಡಿದ್ದೇನೆ.

ಮನೆಯ ವೈಫೈಯಲ್ಲಿ ಇರುವಾಗ ರೂಟರಿನ ಪುಟಕ್ಕೆ ಹೋಗಿ. ಸ್ಟೇಟಸ್ ಅಥವಾ ಇಂಟರ್ನೆಟ್ ಎಂಬ ಕಡೆ ವ್ಯಾನ್ ಐಪಿ ಅಂತ ಒಂದು ವಿಳಾಸ ಇರುತ್ತದೆ, ಅಂದರೆ ಹೊರಗಿನ ಕಡೆಗೆ ರೂಟರಿಗೆ ಸಿಕ್ಕ ನಂಬರ್. ಬರೆದುಕೊಳ್ಳಿ. ಆಮೇಲೆ ಅದೇ ವೈಫೈಯಲ್ಲಿ, ನಿಮ್ಮ ಐಪಿ ಯಾವುದು ಅಂತ ತೋರಿಸುವ ಯಾವುದಾದರೂ ವೆಬ್‌ಸೈಟ್ ತೆರೆದು ಅಲ್ಲಿನ ಐಪಿವಿ4 ವಿಳಾಸವನ್ನೂ (ನಡುವೆ ಚುಕ್ಕಿ ಇರುವ ನಾಲ್ಕು ಸಂಖ್ಯೆಗಳದ್ದು) ಬರೆದುಕೊಳ್ಳಿ.

ಎರಡೂ ಒಂದೇ ಆಗಿದ್ದರೆ ನಿಮಗೆ ಸ್ವಂತ ಸಾರ್ವಜನಿಕ ವಿಳಾಸ ಇದೆ. ಬೇರೆ ಬೇರೆ ಆಗಿದ್ದರೆ ನಡುವೆ ಇನ್ನೊಂದು ಬಾಗಿಲು ಇದೆ. ವ್ಯಾನ್ ಐಪಿ 100.64 ರಿಂದ 100.127 ರವರೆಗಿನ ಸಾಲಿನಲ್ಲಿದ್ದರೆ ಅದು ಕಂಪನಿಯ ಸಿಜಿನ್ಯಾಟ್. 10 ರಿಂದ ಶುರುವಾದರೂ ಬಹಳ ಸಲ ಅದೇ ಕಥೆ. 192.168 ರಿಂದ ಶುರುವಾದರೆ ಆ ಇನ್ನೊಂದು ಬಾಗಿಲು ಬಹುಶಃ ನಿಮ್ಮ ಮನೆಯಲ್ಲೇ ಇದೆ.

ಸಿಜಿನ್ಯಾಟ್ ಎಂದರೇನು? ಹಳೆಯ ಬೆಂಗಳೂರು, ಮೈಸೂರಿನ ವಠಾರ ನೆನಪಿಸಿಕೊಳ್ಳಿ. ಬೀದಿಗೆ ಒಂದೇ ಬಾಗಿಲು, ಒಂದೇ ಡೋರ್ ನಂಬರ್, ಒಳಗೆ ಹತ್ತು ಸಂಸಾರ. ಒಳಗಿನವರು ಹೊರಗೆ ಹೋಗಿ ಸಾಮಾನು ತರಬಹುದು, ತೊಂದರೆ ಇಲ್ಲ. ಆದರೆ ಹೊರಗಿನಿಂದ ಹೆಸರಿಲ್ಲದ ಕಾಗದ ಬರೀ ಡೋರ್ ನಂಬರಿಗೆ ಬಂದರೆ ಅದು ಯಾರಿಗೆ ಅಂತ ಪೋಸ್ಟ್‌ಮನ್‌ಗೆ ಹೇಗೆ ಗೊತ್ತಾಗಬೇಕು? ಐಪಿವಿ4ರಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ. ಜಗತ್ತಿನ ಮುಖ್ಯ ದಾಸ್ತಾನು 2011ರ ಫೆಬ್ರವರಿಯಲ್ಲೇ ಹಂಚಿ ಮುಗಿಯಿತು. ಆಮೇಲೆ 2012ರಲ್ಲಿ ಕಂಪನಿಗಳ ಈ ವಠಾರಗಳಿಗೆಂದೇ 100.64ರ ಸಾಲನ್ನು ತೆಗೆದಿಟ್ಟರು. ಅದರಲ್ಲಿ ಸುಮಾರು 42 ಲಕ್ಷ ವಿಳಾಸಗಳಿವೆ.

ನೀವು ವಠಾರದೊಳಗಿದ್ದರೆ ನಿಮ್ಮ ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಎಷ್ಟೇ ಸರಿಯಾಗಿ ಮಾಡಿದರೂ ಅದು ಕೆಲಸ ಮಾಡುವುದಿಲ್ಲ. ಬೀದಿ ಬಾಗಿಲಿನ ಬೀಗ ಕಂಪನಿಯ ಕೈಯಲ್ಲಿದೆ. ನನ್ನ ಮೂರನೆಯ ಸಲದ ಕಾರಣ ಇದೇ ಆಗಿತ್ತು. ನಿನ್ನೆವರೆಗೆ ನಡೆಯುತ್ತಿದ್ದದ್ದು ಇವತ್ತು ಇಲ್ಲ, ಮನೆಯಲ್ಲಿ ಯಾರೂ ಏನೂ ಮುಟ್ಟಿಲ್ಲ. ಕಂಪನಿಯವರು ತಮ್ಮ ಕಡೆ ನಮ್ಮನ್ನು ಸಾರ್ವಜನಿಕ ವಿಳಾಸದಿಂದ ಸಿಜಿನ್ಯಾಟಿಗೆ ದಾಟಿಸಿದ್ದರು, ನಮಗೆ ಒಂದು ಮಾತೂ ಹೇಳಿರಲಿಲ್ಲ.

ಮನೆಯಲ್ಲೇ ಎರಡು ರೂಟರ್ ಇದ್ದರೆ

ಕಂಪನಿ ಕೊಟ್ಟ ಡಬ್ಬಿ ಒಂದು, ವೈಫೈ ಚೆನ್ನಾಗಿ ಬರಲಿ ಅಂತ ನೀವು ತಂದದ್ದು ಇನ್ನೊಂದು. ಎರಡೂ ರೂಟರ್ ಕೆಲಸ ಮಾಡುತ್ತಿದ್ದರೆ ಕಂಪನಿಯ ಡಬ್ಬಿಗೆ ಬಂದದ್ದು ನಿಮ್ಮ ರೂಟರಿಗೆ ದಾಟುವುದಿಲ್ಲ. ಎರಡರಲ್ಲಿ ಒಂದು ದಾರಿ ಹಿಡಿಯಿರಿ. ನಿಮ್ಮ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ (ಬರೀ ವೈಫೈ ಕೊಡುವಂತೆ) ಹಾಕುವುದು ಸುಲಭ, ಯಾರನ್ನೂ ಕೇಳಬೇಕಿಲ್ಲ. ಇಲ್ಲವೇ ಕಂಪನಿಯ ಡಬ್ಬಿಯನ್ನು ಬ್ರಿಡ್ಜ್ ಮೋಡಿಗೆ (ರೂಟರ್ ಕೆಲಸ ಬಿಟ್ಟು ಸುಮ್ಮನೆ ದಾಟಿಸುವಂತೆ) ಹಾಕಿಸಿ. ಇದಕ್ಕೆ ಕಸ್ಟಮರ್ ಕೇರ್‌ನವರ ಸಹಾಯ ಬೇಕಾಗಬಹುದು, ಇಂಟರ್ನೆಟ್ಟಿನ ಯೂಸರ್‌ನೇಮ್ ಪಾಸ್‌ವರ್ಡ್ ಇದ್ದರೆ ಅವನ್ನೂ ಕೇಳಿ ಇಟ್ಟುಕೊಂಡಿರಿ.

ಸಾರ್ವಜನಿಕ ವಿಳಾಸ ಇದ್ದವರಿಗೆ

ಮೊದಲಿಗೆ ಒಂದು ಮಾತು. ಹೊರಗಿನಿಂದ ಸಿಗುತ್ತದೆಯಾ ಅಂತ ಮನೆಯ ವೈಫೈಯಲ್ಲೇ ಕೂತು ಪರೀಕ್ಷೆ ಮಾಡಬೇಡಿ. ಎಷ್ಟೋ ರೂಟರುಗಳು ಒಳಗಿನಿಂದ ಹೊರಟು ತಮ್ಮದೇ ಹೊರವಿಳಾಸಕ್ಕೆ ಬಂದದ್ದನ್ನು ತಿರುಗಿಸಿ ಒಳಗೆ ಬಿಡುವುದಿಲ್ಲ. ಆಗ ಎಲ್ಲ ಸರಿ ಇದ್ದರೂ ಕೆಟ್ಟಂತೆ ಕಾಣುತ್ತದೆ. ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ನೋಡಿ.

ಸಾರ್ವಜನಿಕ ವಿಳಾಸ ಇದ್ದರೂ ಅದು ಆಗಾಗ ಬದಲಾಗುತ್ತದೆ, ರೂಟರ್ ಆಫ್ ಆಗಿ ಆನ್ ಆದರೆ ಸಾಕು. ಅದಕ್ಕೇ ಡಿಡಿಎನ್‌ಎಸ್ ಇರುವುದು. ಒಂದು ಹೆಸರು, ಅದರ ಹಿಂದೆ ಇವತ್ತಿನ ವಿಳಾಸ. ಕಂಪ್ಯೂಟರಿನ ಕಮಾಂಡ್ ಪರದೆಯಲ್ಲಿ ಎನ್‌ಎಸ್‌ಲುಕಪ್ (nslookup) ಎಂಬ ಆಜ್ಞೆಯ ಮುಂದೆ ನಿಮ್ಮ ಹೆಸರು ಕೊಟ್ಟು ನೋಡಿ. ಬಂದ ವಿಳಾಸ ಮನೆಯ ಈಗಿನ ವಿಳಾಸವೇ ಆಗಿರಬೇಕು. ಆಗಿಲ್ಲದಿದ್ದರೆ ಡಿಡಿಎನ್‌ಎಸ್ ಸುದ್ದಿ ತಲುಪಿಸುವುದನ್ನು ನಿಲ್ಲಿಸಿದೆ. ಇದನ್ನು ರೂಟರಿನಲ್ಲಿ ಹಾಕುವುದಕ್ಕಿಂತ ನ್ಯಾಸಿನಲ್ಲಿ ಹಾಕುವುದು ವಾಸಿ. ಎರಡು ರೂಟರ್ ಇರುವ ಮನೆಯಲ್ಲಿ ಒಳಗಿನ ರೂಟರ್ ತನ್ನ 192.168ರ ವಿಳಾಸವನ್ನೇ ಊರಿಗೆಲ್ಲ ಸಾರುವ ಸಾಧ್ಯತೆ ಇರುತ್ತದೆ.

ಆಫೀಸಿನಿಂದ ಸಿಗುತ್ತದೆ, ಮೊಬೈಲ್ ಡೇಟಾದಿಂದ ಸಿಗುವುದಿಲ್ಲ ಅನ್ನುವವರು ಐಪಿವಿ6, ಅಂದರೆ ಉದ್ದ ನಂಬರಿನ ಹೊಸ ವಿಳಾಸ ಪದ್ಧತಿಯ ಕಡೆ ನೋಡಿ. ನಮ್ಮ ಮೊಬೈಲ್ ಜಾಲಗಳಲ್ಲಿ ಐಪಿವಿ6 ಬಹಳ ಇದೆ, ಫೋನು ಮೊದಲು ಅದನ್ನೇ ಪ್ರಯತ್ನಿಸುತ್ತದೆ. ನಿಮ್ಮ ಹೆಸರಿನ ಹಿಂದೆ ಯಾವುದೋ ಕಾಲದ ಹಳೆಯ ಐಪಿವಿ6 ವಿಳಾಸ ಉಳಿದುಕೊಂಡಿದ್ದರೆ ಫೋನು ಅಲ್ಲಿಗೆ ಹೋಗಿ ಬಾಗಿಲು ತಟ್ಟುತ್ತಾ ನಿಲ್ಲುತ್ತದೆ. ಆ ದಾಖಲೆಯನ್ನು ಸರಿ ಮಾಡಿ, ಇಲ್ಲವೇ ತೆಗೆದುಬಿಡಿ.

ಇನ್ನು ಪೋರ್ಟ್ ಫಾರ್ವರ್ಡಿಂಗ್. ಇಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ನ್ಯಾಸಿನ ಲಾಗಿನ್ ಪುಟವನ್ನು ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಡಬೇಡಿ. ಫೈಲ್ ಹಂಚಿಕೆಯ 445ನೇ ಪೋರ್ಟನ್ನಂತೂ ಯಾವ ಕಾರಣಕ್ಕೂ ತೆರೆಯಬೇಡಿ. ಇದು ಸುಮ್ನೆ ಹೆದರಿಸುವ ಮಾತಲ್ಲ. 2014ರ ಆಗಸ್ಟಿನಲ್ಲಿ ಸಿನೋಲಾಕರ್ ಎಂಬ ಕುತಂತ್ರಾಂಶ ಹಳೆಯ ಸಾಫ್ಟ್‌ವೇರ್ ಇದ್ದ ಸಿನಾಲಜಿ ಡಬ್ಬಿಗಳ ಫೈಲುಗಳಿಗೆ ಬೀಗ ಹಾಕಿತು. 2021ರ ಏಪ್ರಿಲಿನಲ್ಲಿ ಕ್ಯೂಲಾಕರ್ ಬಂತು, ಕ್ಯೂನ್ಯಾಪ್ ಡಬ್ಬಿಗಳಲ್ಲಿದ್ದ ಫೈಲುಗಳನ್ನು ಪಾಸ್‌ವರ್ಡ್ ಹಾಕಿದ ಸೆವೆನ್‌ಜಿಪ್ ಕಡತಗಳಾಗಿ ಮಾಡಿ 0.01 ಬಿಟ್‌ಕಾಯಿನ್ ಕೇಳಿತು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್. 2021ರ ಜೂನಿನಲ್ಲಿ ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಇಟ್ಟುಕೊಂಡಿದ್ದ ಎಷ್ಟೋ ಜನ ಬೆಳಿಗ್ಗೆ ಎದ್ದು ನೋಡಿದರೆ ಡಿಸ್ಕ್ ಖಾಲಿ. ಆ ಡಬ್ಬಿಗೆ 2015ರ ನಂತರ ಅಪ್‌ಡೇಟೇ ಬಂದಿರಲಿಲ್ಲ. ಅಜ್ಜನ ಫೋಟೋ ಒಮ್ಮೆ ಹೋದರೆ ಎಲ್ಲಿಂದ ತರುವುದು?

ಹಾಗಾಗಿ ತೆರೆಯುವುದಿದ್ದರೆ ಒಂದೇ ಒಂದು ಪೋರ್ಟ್, ಅದೂ ವಿಪಿಎನ್‌ಗೆ, ಅಂದರೆ ಫೋನಿನಿಂದ ಮನೆಯ ಜಾಲಕ್ಕೆ ಹೋಗುವ ಬೀಗ ಹಾಕಿದ ಸುರಂಗಕ್ಕೆ. ಅದಕ್ಕಿರುವ ತಂತ್ರಾಂಶಗಳಲ್ಲಿ ವೈರ್‌ಗಾರ್ಡ್ ಆದರೆ ಸಾಮಾನ್ಯವಾಗಿ ಯುಡಿಪಿ 51820, ಓಪನ್‌ವಿಪಿಎನ್ ಆದರೆ 1194. ಯುಡಿಪಿ, ಟಿಸಿಪಿ ಅನ್ನುವುದು ಡೇಟಾ ಕಳಿಸುವ ಎರಡು ಬಗೆ. ರೂಟರ್ ಪುಟದಲ್ಲಿ ಯುಡಿಪಿ ಅಂತಲೇ ಆರಿಸಿ, ಟಿಸಿಪಿ ಅಂತ ಇದ್ದರೆ ನಡೆಯುವುದಿಲ್ಲ. ಇನ್ನೊಂದು ವಿಷಯದಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ. ಪೋರ್ಟ್ ತೆರೆದಿದೆಯಾ ಅಂತ ನೋಡುವ ವೆಬ್‌ಸೈಟುಗಳು ಹೆಚ್ಚಾಗಿ ಟಿಸಿಪಿ ಮಾತ್ರ ನೋಡುತ್ತವೆ. ಸಾಲದ್ದಕ್ಕೆ ವೈರ್‌ಗಾರ್ಡ್ ಸರಿಯಾದ ಕೀಲಿ ಇಲ್ಲದವರಿಗೆ ಉತ್ತರವನ್ನೇ ಕೊಡುವುದಿಲ್ಲ. ಎಲ್ಲ ಸರಿ ಇದ್ದರೂ ಆ ವೆಬ್‌ಸೈಟ್ ಮುಚ್ಚಿದೆ ಅನ್ನುತ್ತದೆ. ಅದನ್ನು ನಂಬಬೇಡಿ. ಫೋನಿನಲ್ಲಿ ವೈರ್‌ಗಾರ್ಡ್ ಆನ್ ಮಾಡಿ, ಕೊನೆಯ ಹ್ಯಾಂಡ್‌ಶೇಕ್ (ಎರಡೂ ಕಡೆಯವು ಗುರುತು ಹಿಡಿದು ಕೈಕುಲುಕಿದ್ದು) ಯಾವಾಗ ಆಯಿತು ಅಂತ ನೋಡಿ. ಕೆಲವು ಸೆಕೆಂಡಿನ ಹಿಂದೆ ಅಂತಿದ್ದರೆ ದಾರಿ ತೆರೆದಿದೆ.

ವಠಾರದಲ್ಲಿ ಇರುವವರಿಗೆ

ನಾಲ್ಕು ದಾರಿ ಇವೆ. ಕಂಪನಿಗೆ ಹೆಚ್ಚಿಗೆ ಹಣ ಕೊಟ್ಟು ಸ್ಥಿರ ವಿಳಾಸ ತೆಗೆದುಕೊಳ್ಳಬಹುದು. ಕೊಡುತ್ತಾರೆ ಅಂತಾದರೆ ಒಳ್ಳೆಯದೇ, ಆದರೆ ಬರೀ ಫೋಟೋ ನೋಡಲಿಕ್ಕೆ ಅದು ಬೇಡ ಅಂತ ನನಗನ್ನಿಸುತ್ತದೆ. ಐಪಿವಿ6 ಬಳಸಬಹುದು. ನ್ಯಾಸಿಗೆ 2 ರಿಂದ ಶುರುವಾಗುವ ವಿಳಾಸ ಸಿಕ್ಕಿದ್ದರೆ ಅದು ಹೊರಗಿನದ್ದು, ಎಫ್‌ಇ80 ರಿಂದ ಶುರುವಾದರೆ ಒಳಗಿನದ್ದು ಮಾತ್ರ. ಆದರೆ ರೂಟರಿನ ಫೈರ್‌ವಾಲಿನಲ್ಲಿ (ಹೊರಗಿನಿಂದ ಬರುವುದನ್ನು ತಡೆಯುವ ಕಾವಲು) ಜಾಗ ಬಿಡಬೇಕು, ವಿಳಾಸದ ಮುಂದಿನ ಭಾಗ ಬದಲಾದರೆ ಮತ್ತೆ ಕೆಲಸ, ನೀವಿರುವ ಕಡೆಯೂ ಐಪಿವಿ6 ಇರಬೇಕು. ಮೂರನೆಯದು ನ್ಯಾಸ್ ಕಂಪನಿಯದ್ದೇ ಸೇವೆ. ಸಿನಾಲಜಿಗೆ ಕ್ವಿಕ್‌ಕನೆಕ್ಟ್, ಕ್ಯೂನ್ಯಾಪ್‌ಗೆ ಮೈಕ್ಯೂನ್ಯಾಪ್‌ಕ್ಲೌಡ್. ಹೊಸಬರಿಗೆ ಇದು ಸುಲಭ. ನೇರ ದಾರಿ ಸಿಗದಿದ್ದಾಗ ಡೇಟಾ ಅವರ ಸರ್ವರ್ ಮೂಲಕ ಸುತ್ತಿ ಬರುವುದರಿಂದ ನಿಧಾನ.

ನಾನು ಹಿಡಿದದ್ದು ನಾಲ್ಕನೆಯದು, ಟೇಲ್‌ಸ್ಕೇಲ್. ಇದು ವೈರ್‌ಗಾರ್ಡಿನ ಮೇಲೆ ಕಟ್ಟಿದ ವಿಪಿಎನ್ ಸೇವೆ. ಇದರಲ್ಲಿ ನ್ಯಾಸೂ ಹೊರಗೆ ಹೋಗುತ್ತದೆ, ಫೋನೂ ಹೊರಗೆ ಹೋಗುತ್ತದೆ, ಎರಡೂ ಹೊರಗಡೆ ಭೇಟಿಯಾಗುತ್ತವೆ. ಯಾರೂ ಒಳಗೆ ಬರುವ ಬಾಗಿಲು ತೆರೆಯಬೇಕಿಲ್ಲ, ಆದ್ದರಿಂದ ಸಿಜಿನ್ಯಾಟ್ ಅಡ್ಡ ಬರುವುದಿಲ್ಲ. ಮಾಡುವುದು ಇಷ್ಟೆ. ನ್ಯಾಸಿನ ಪ್ಯಾಕೇಜ್ ಅಂಗಡಿಯಲ್ಲಿ ಟೇಲ್‌ಸ್ಕೇಲ್ ಹುಡುಕಿ ಹಾಕಿ, ಒಂದು ಖಾತೆಯಿಂದ ಲಾಗಿನ್ ಆಗಿ. ಫೋನಿನಲ್ಲೂ ಆ್ಯಪ್ ಹಾಕಿ ಅದೇ ಖಾತೆಯಿಂದ ಲಾಗಿನ್ ಆಗಿ. ಆಗ ನ್ಯಾಸಿಗೆ 100 ರಿಂದ ಶುರುವಾಗುವ ಒಂದು ವಿಳಾಸ ಸಿಗುತ್ತದೆ. ಇದೂ ಮೇಲೆ ಹೇಳಿದ ಸಾಲಿನದ್ದೇ, ಆದರೆ ಇದು ನಿಮ್ಮ ಸಾಧನಗಳಿಗೆ ಮಾತ್ರ ಗೊತ್ತಿರುವ ವಿಳಾಸ, ಗೊಂದಲ ಬೇಡ. ಆ ವಿಳಾಸವನ್ನೇ ನಿಮ್ಮ ಫೋಟೋ ಆ್ಯಪಿನಲ್ಲೂ ಬರೆಯಿರಿ, ಹಳೆಯದು ಅಲ್ಲೇ ಉಳಿದಿದ್ದರೆ ಬ್ಯಾಕಪ್ ನಡೆಯುವುದಿಲ್ಲ.

ಈಗ ನನ್ನ ನಾಲ್ಕನೆಯ ಸಲದ ಕಥೆ. ಟೇಲ್‌ಸ್ಕೇಲ್ ಹಾಕಿ ಆರು ತಿಂಗಳು ಚೆನ್ನಾಗಿ ನಡೆಯಿತು, ಒಂದು ದಿನ ನಿಂತಿತು. ಕಾರಣ ಕೀಲಿಯ ಅವಧಿ. ಸಾಮಾನ್ಯವಾಗಿ 180 ದಿನಕ್ಕೊಮ್ಮೆ ಪ್ರತಿ ಸಾಧನವೂ ಮತ್ತೆ ಲಾಗಿನ್ ಆಗಬೇಕು. ಫೋನಾದರೆ ಕೈಯಲ್ಲೇ ಇದೆ, ನ್ಯಾಸ್ ಇರುವುದು ಸಾಗರದಲ್ಲಿ. ಟೇಲ್‌ಸ್ಕೇಲಿನ ನಿರ್ವಹಣೆ ಪುಟದಲ್ಲಿ ನ್ಯಾಸಿನ ಸಾಲಿಗೆ ಹೋಗಿ ಕೀಲಿಯ ಅವಧಿ ಮುಗಿಯುವುದನ್ನು ನಿಲ್ಲಿಸುವ ಆಯ್ಕೆ ಒತ್ತಿ. ಇವತ್ತೇ ಮಾಡಿ.

ಫೋನಿನ ಕಡೆಯೂ ಎರಡು ಸಂಗತಿ ಇವೆ. ಫೋನಿನಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ವಿಪಿಎನ್ ನಡೆಯುತ್ತದೆ, ಆಫೀಸಿನ ವಿಪಿಎನ್ ಆನ್ ಮಾಡಿದ ಕೂಡಲೇ ಇದು ಆಫ್. ಇನ್ನು ಆಂಡ್ರಾಯ್ಡಿನ ಬ್ಯಾಟರಿ ಉಳಿತಾಯ ಹಿಂದೆ ಓಡುತ್ತಿರುವ ಆ್ಯಪನ್ನು ನಿಲ್ಲಿಸಿಬಿಡುತ್ತದೆ, ಟೇಲ್‌ಸ್ಕೇಲಿಗೆ ಅದರಿಂದ ವಿನಾಯಿತಿ ಕೊಡಿ.

ವಿಪಿಎನ್ ಸೇರಿತು, ನ್ಯಾಸ್ ಮಾತ್ರ ಕಾಣುತ್ತಿಲ್ಲ

ಇದು ನನ್ನ ಎರಡನೆಯ ಸಲದ್ದು. ಆಗ ಊರಿನ ರೂಟರಿನಲ್ಲಿ ವೈರ್‌ಗಾರ್ಡ್ ಇತ್ತು. ಬೆಂಗಳೂರಿನಲ್ಲಿ ಮನೆ ಬದಲಾಯಿಸಿದೆ. ವಿಪಿಎನ್ ಸೇರುತ್ತದೆ, ಹ್ಯಾಂಡ್‌ಶೇಕ್ ಆಗುತ್ತದೆ, ನ್ಯಾಸ್ ಮಾತ್ರ ತೆರೆಯುವುದಿಲ್ಲ. ಹೊಸ ಮನೆಯ ವೈಫೈ ಕೂಡ 192.168.1ರ ಸಾಲಿನಲ್ಲೇ ಇತ್ತು. 192.168.1.10 ಕೇಳಿದರೆ ಲ್ಯಾಪ್‌ಟಾಪ್ ಅದನ್ನು ಇಲ್ಲೇ ಪಕ್ಕದ ಕೋಣೆಯಲ್ಲಿ ಹುಡುಕುತ್ತಿತ್ತು, ಸಾಗರಕ್ಕೆ ಕಳಿಸುತ್ತಲೇ ಇರಲಿಲ್ಲ.

ಊರಿನ ಜಾಲವನ್ನು ಯಾರೂ ಸುಲಭವಾಗಿ ಬಳಸದ ಸಾಲಿಗೆ ಬದಲಾಯಿಸಿ, 192.168.87 ಅಥವಾ 10.87.23 ಹೀಗೆ. ಇದನ್ನು ದೂರ ಕೂತು ಮಾಡಬೇಡಿ. ನಡುವೆ ಏನಾದರೂ ತಪ್ಪಿದರೆ ನೀವು ಹೊರಗೆ ಉಳಿಯುತ್ತೀರಿ. ಹಬ್ಬಕ್ಕೆ ಊರಿಗೆ ಹೋದಾಗ ಮಾಡಿ. ನ್ಯಾಸಿನಲ್ಲೇ ಟೇಲ್‌ಸ್ಕೇಲ್ ಇದ್ದು ಅದರ 100ರ ವಿಳಾಸ ಬಳಸಿದರೆ ಈ ತಾಪತ್ರಯ ಬರುವುದಿಲ್ಲ.

ವಿಂಡೋಸಿನಲ್ಲಿ ನ್ಯಾಸಿನ ಹೆಸರು ಕೊಟ್ಟರೆ ಸಿಗುವುದಿಲ್ಲ ಅನ್ನುವವರು ಹೆಸರಿನ ಬದಲು ನಂಬರ್ ಕೊಟ್ಟು ನೋಡಿ. ಮನೆಯೊಳಗೆ ಹೆಸರನ್ನು ಕೂಗಿ ಹುಡುಕುವ ವ್ಯವಸ್ಥೆ ವಿಪಿಎನ್ ದಾಟಿ ಬರುವುದಿಲ್ಲ.

ಬಾಗಿಲು ಸಿಕ್ಕಿತು, ಒಳಗೆ ಬಿಡುತ್ತಿಲ್ಲ

ಲಾಗಿನ್ ಪುಟ ಬರುತ್ತಿದೆ, ಪಾಸ್‌ವರ್ಡ್ ಸರಿ ಇದೆ, ಆದರೂ ಆಗುತ್ತಿಲ್ಲ. ವೈಫೈ ಬಿಟ್ಟು ಮೊಬೈಲ್ ಡೇಟಾಕ್ಕೆ ಬದಲಾಯಿಸಿ ನೋಡಿ. ಈಗ ಆದರೆ, ನ್ಯಾಸ್ ನಿಮ್ಮ ಮೊದಲಿನ ವಿಳಾಸವನ್ನು ತಡೆಹಿಡಿದಿದೆ ಎಂದರ್ಥ. ತಪ್ಪು ಪಾಸ್‌ವರ್ಡ್ ಕೆಲವು ಸಲ ಬಂದರೆ ಅದು ಹಾಗೆ ಮಾಡುತ್ತದೆ, ಮಾಡಲೇಬೇಕು. ಸುರಕ್ಷತೆಯ ಪುಟದಲ್ಲಿ ತಡೆಪಟ್ಟಿ ಇರುತ್ತದೆ, ಅಲ್ಲಿಂದ ತೆಗೆಯಿರಿ. ತೆಗೆದರೂ ಮತ್ತೆ ಮತ್ತೆ ಆಗುತ್ತಿದ್ದರೆ ಮೂಲೆಯಲ್ಲಿ ಚಾರ್ಜಿಗೆ ಹಾಕಿಟ್ಟ ಹಳೆಯ ಫೋನು, ಟ್ಯಾಬುಗಳನ್ನು ಹುಡುಕಿ. ಪಾಸ್‌ವರ್ಡ್ ಬದಲಾದದ್ದು ಗೊತ್ತಿಲ್ಲದೆ ಹಳೆಯದನ್ನೇ ಕಳಿಸುತ್ತಾ ಇರುತ್ತವೆ. ತಂಗಿಗೆ ವಾರಕ್ಕೆರಡು ಸಲ ಹೀಗಾಗುತ್ತಿತ್ತು, ಅವಳ ಹಳೆಯ ಟ್ಯಾಬು ಸಿಕ್ಕ ಮೇಲೆ ನಿಂತಿತು.

ನ್ಯಾಸಿನ ಫೈರ್‌ವಾಲಿನಲ್ಲಿ ಭಾರತದಿಂದ ಮಾತ್ರ ಬಿಡು ಅಂತ ಹಾಕಿದ್ದರೆ ವಿದೇಶಕ್ಕೆ ಹೋದವರಿಗೆ ಸಿಗುವುದಿಲ್ಲ. ವಿಮಾನ ಹತ್ತುವ ಮೊದಲು ನೆನಪಿರಲಿ.

ಎರಡನೆಯ ಹಂತದ ಆರು ಅಂಕಿ ತಪ್ಪು ಅನ್ನುತ್ತಿದ್ದರೆ ನ್ಯಾಸಿನ ಗಡಿಯಾರ ನೋಡಿ. ಆ ಅಂಕಿ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ, ಸಮಯ ಕೆಲವು ನಿಮಿಷ ಹಿಂದೆ ಮುಂದೆ ಇದ್ದರೂ ಸೇರುವುದಿಲ್ಲ. ನ್ಯಾಸಿನ ಗುರುತುಪತ್ರವಾದ ಸರ್ಟಿಫಿಕೇಟಿನ ಅವಧಿ ಮುಗಿದಿದೆ ಅಂತ ಬ್ರೌಸರ್ ಹೇಳುತ್ತಿದ್ದರೆ, ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಕೊಡುವ ಸರ್ಟಿಫಿಕೇಟಿನ ಆಯಸ್ಸು ಹೆಚ್ಚೆಂದರೆ 90 ದಿನ ಎಂಬುದು ಗೊತ್ತಿರಲಿ. ಅದನ್ನು ನವೀಕರಿಸಲು ಎಷ್ಟೋ ಕಡೆ 80ನೇ ಪೋರ್ಟ್ ಹೊರಗಿನಿಂದ ಸಿಗಬೇಕು, ಸಿಜಿನ್ಯಾಟಿನಲ್ಲಿ ಅದು ಸಿಗುವುದಿಲ್ಲ.

ಸಿಗುತ್ತದೆ, ಆದರೆ ತೀರಾ ನಿಧಾನ

ಹೊರಗಿನಿಂದ ನೀವು ಫೈಲ್ ಇಳಿಸಿಕೊಳ್ಳುವಾಗ ಲೆಕ್ಕಕ್ಕೆ ಬರುವುದು ಊರಿನ ಮನೆಯ ಅಪ್‌ಲೋಡ್ ವೇಗ. ಅದು 20 ಎಂಬಿಪಿಎಸ್ ಇದ್ದರೆ ಸೆಕೆಂಡಿಗೆ 2.5 ಎಂಬಿ ಮಾತ್ರ, 4 ಜಿಬಿಯ ಮದುವೆ ವಿಡಿಯೋ ಇಳಿಯಲು ಸುಮಾರು 27 ನಿಮಿಷ ಬೇಕು. ಇದು ದೋಷವಲ್ಲ. ಅದಕ್ಕಿಂತಲೂ ಬಹಳ ನಿಧಾನ ಇದ್ದರೆ ಟೇಲ್‌ಸ್ಕೇಲಿನ ಸ್ಟೇಟಸ್‌ನಲ್ಲಿ ಸಂಪರ್ಕ ನೇರವಾಗಿದೆಯಾ, ರಿಲೇ ಮೂಲಕವಾ ನೋಡಿ. ರಿಲೇ ಆದರೆ ಸುತ್ತಿ ಬರುತ್ತಿದೆ.

ಪುಟ ತೆರೆಯುತ್ತದೆ, ಸಣ್ಣ ಫೈಲ್ ಬರುತ್ತದೆ, ದೊಡ್ಡದು ನಡುವೆ ನಿಂತುಬಿಡುತ್ತದೆ ಅಂದರೆ ಎಂಟಿಯು ಮೇಲೆ ಅನುಮಾನ ಪಡಿ. ಇದು ಒಂದು ಪೊಟ್ಟಣದಲ್ಲಿ ಎಷ್ಟು ತುಂಬಬಹುದು ಎಂಬ ಅಳತೆ. ಯೂಸರ್‌ನೇಮ್ ಕೊಟ್ಟು ಸೇರುವ ಪಿಪಿಪಿಓಇ ಸಂಪರ್ಕದಲ್ಲಿ ಅದು 1492, ವೈರ್‌ಗಾರ್ಡಿನಲ್ಲಿ ಸಾಮಾನ್ಯವಾಗಿ 1420. ವೈರ್‌ಗಾರ್ಡಿನ ಎರಡೂ ಕಡೆ 1280ಕ್ಕೆ ಇಳಿಸಿ ನೋಡಿ. ಸರಿಯಾದರೆ ಕಾರಣ ಅದೇ.

ದೂರದಿಂದ ವಿಂಡೋಸ್ ಫೋಲ್ಡರ್ ತೆರೆದು ಅಲ್ಲೇ ಕೆಲಸ ಮಾಡುವುದು ಯಾವಾಗಲೂ ತ್ರಾಸದಾಯಕ. ಒಂದು ಫೋಲ್ಡರ್ ತೆರೆಯಲಿಕ್ಕೇ ಹತ್ತಾರು ಪ್ರಶ್ನೋತ್ತರ ನಡೆಯುತ್ತದೆ, ಜರ್ಮನಿಯಿಂದ ಸಾಗರಕ್ಕೆ ಪ್ರತಿಯೊಂದೂ ಹೋಗಿ ಬರಬೇಕು. ನ್ಯಾಸ್ ಕಂಪನಿಯ ಆ್ಯಪ್ ಅಥವಾ ಎಸ್‌ಎಫ್‌ಟಿಪಿ (ಫೈಲ್ ಸಾಗಿಸುವ ಸುರಕ್ಷಿತ ವಿಧಾನ) ಬಳಸಿ ಫೈಲ್ ಇಳಿಸಿಕೊಂಡು ಕೆಲಸ ಮಾಡಿ.

ಊರು ಬಿಡುವ ಮುಂಚೆ

ರೂಟರಿನ ಪಕ್ಕ ಗೋಡೆಗೆ ಒಂದು ಕಾಗದ ಅಂಟಿಸಿ. ಯಾವ ಡಬ್ಬಿ ಯಾವುದು, ಯಾವ ದೀಪ ಹಸಿರಿರಬೇಕು, ಆಫ್ ಮಾಡಿ ಆನ್ ಮಾಡುವುದಿದ್ದರೆ ಮೊದಲು ಯಾವುದು. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಅಪ್ಪನಿಗೆ ಒಮ್ಮೆ ಓದಿಸಿ, ಅವರ ಕೈಯಲ್ಲೇ ಒಮ್ಮೆ ಮಾಡಿಸಿ. ನ್ಯಾಸಿನ ಗುಂಡಿಯನ್ನು ಒತ್ತಿ ಹಿಡಿದು ಬಲವಂತವಾಗಿ ಆಫ್ ಮಾಡಬಾರದು ಅಂತ ಅದರಲ್ಲೇ ಬರೆಯಿರಿ. ಮನೆಯಲ್ಲಿ ಬಳಸದ ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದಕ್ಕೂ ಟೇಲ್‌ಸ್ಕೇಲ್ ಹಾಕಿ ಇಟ್ಟುಬನ್ನಿ, ಅದರ ಕೀಲಿಯ ಅವಧಿಯನ್ನೂ ನಿಲ್ಲಿಸಿ. ನ್ಯಾಸಿನ ಟೇಲ್‌ಸ್ಕೇಲ್ ನಿಂತ ದಿನ ಆ ಲ್ಯಾಪ್‌ಟಾಪ್ ಆನ್ ಮಾಡಿಸಿ ಅದರ ಮೂಲಕ ಒಳಗೆ ಹೋಗಬಹುದು.

ಕೊನೆಯ ಪರೀಕ್ಷೆಯನ್ನು ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಮಾಡಿ. ಮೊಬೈಲ್ ಡೇಟಾದಲ್ಲಿ ನ್ಯಾಸ್ ತೆರೆದು ಒಂದು ಫೋಟೋ ಇಳಿಸಿಕೊಳ್ಳಿ, ಒಂದು ಫೋಟೋ ಏರಿಸಿ. ಬರಲಿಲ್ಲವೇ, ಬಸ್ಸು ಹತ್ತಬೇಡಿ, ಆಟೋ ಹಿಡಿದು ಮನೆಗೆ ವಾಪಸ್ ಹೋಗಿ.